ಕನ್ನಡಕದಂಗಡಿಯ ಸಾಹೇಬರು

ಕನ್ನಡಕದಂಗಡಿಯವರನ್ನು ಬೀದಿಯವರೆಲ್ಲ ಸಾಹೇಬರು ಎಂದೇ ಕರೆಯುತ್ತಿದ್ದರು. ಆಸ್ತಿ, ಅಧಿಕಾರ ನೋಡಿ ಬಂದ ಹೆಸರಲ್ಲ ಅದು. ಅವರಿಗಿದ್ದದ್ದು ಹತ್ತಡಿ ಅಗಲದ ಅಂಗಡಿ, ಅಕ್ಷರಗಳು ಸಾಲುಸಾಲಿಗೂ ಚಿಕ್ಕವಾಗುತ್ತ ಹೋಗುವ ಒಂದು ಹಲಗೆ, ಗಾಜು ಉಜ್ಜುವ ಒಂದು ಹಳೆಯ ಯಂತ್ರ, ಮತ್ತು ಯಾರ ಮೇಲೂ ಏರದ ದನಿ. ಹೆಸರು ಅಂಟಿಕೊಂಡದ್ದು ನಾಟಕದಿಂದ.

ಹದಿಮೂರು ವರ್ಷಗಳ ಹಿಂದೆ ಇತಿಹಾಸ ಪಾಠ ಹೇಳುವ ಟೀಚರಮ್ಮ ಕನ್ನಡಕದ ಕಡ್ಡಿ ಸರಿಮಾಡಿಸಲು ಅಂಗಡಿಗೆ ಬಂದಿದ್ದರು. ಮೇಲಿನ ಕಪಾಟಿನಿಂದ ಡಬ್ಬಿ ತೆಗೆಯಲು ಇವರು ಎದ್ದು ನಿಂತಾಗ ಆ ಎತ್ತರ ನೋಡಿ, "ನಮ್ಮ ನಾಟಕಕ್ಕೆ ಬರ್ತೀರಾ? ಒಬ್ಬ ಅಧಿಕಾರಿ ಬೇಕಾಗಿದಾನೆ" ಎಂದರು. ಇವರು ಬೇಡವೆನ್ನಲು ಬಾಯಿ ತೆರೆದರು. ಬೇಡವೆನ್ನುವುದು ಅವರಿಗೆ ಎಂದೂ ಬರುತ್ತಿರಲಿಲ್ಲ.

ನಾಟಕವೆಂದರೆ, ನಾಜಿಗಳು ಯಹೂದಿಗಳನ್ನು ಮಕ್ಕಳುಮರಿ ಸಮೇತ ರೈಲಿಗೆ ತುಂಬಿ ಸಾವಿನ ಶಿಬಿರಕ್ಕೆ ಸಾಗಿಸಿದ ಕಥೆ. ರೈಲು ನಿಂತ ಕಡೆ ಒಬ್ಬ ಅಧಿಕಾರಿ ನಿಂತಿರುತ್ತಾನೆ. ಬೆರಳು ಬಲಕ್ಕೆ ತೋರಿಸಿದರೆ ದುಡಿಮೆ, ಎಡಕ್ಕೆ ತೋರಿಸಿದರೆ ಸಾವು. ಆ ಪಾತ್ರಕ್ಕೆ ಇದ್ದದ್ದು ಹನ್ನೊಂದೇ ಮಾತು. ಕೊನೆಯಲ್ಲಿ ಒಬ್ಬ ಮುದುಕನ ಮುಖದಿಂದ ಕನ್ನಡಕ ಕಿತ್ತು, ಹಿಂದೆ ಬಿದ್ದಿರುವ ಕನ್ನಡಕಗಳ ರಾಶಿಗೆ ಎಸೆಯಬೇಕು. ರಾಶಿಗೆ ಅಷ್ಟೊಂದು ಎಲ್ಲಿಂದ ತರುವುದೆಂದು ಟೀಚರಮ್ಮ ತಲೆಬಿಸಿ ಮಾಡಿಕೊಂಡಿದ್ದಾಗ, "ನನ್ನ ಹತ್ರ ಇವೆ ಬಿಡಿ" ಎಂದರು ಇವರು. ರಿಪೇರಿಗೆ ಕೊಟ್ಟು ವಾಪಸ್ ಬಾರದವರ ಕನ್ನಡಕಗಳು, ಅವರ ಅಪ್ಪನ ಕಾಲದಿಂದ ಸೇರುತ್ತ ಬಂದವು, ಅಟ್ಟದ ಮೇಲೆ ಒಂದು ಗೋಣಿಚೀಲದಷ್ಟಿದ್ದವು.

ಮುದುಕನ ಪಾತ್ರ ಮಾಡುತ್ತಿದ್ದವರು ಪ್ರೂಫ್ ತಾತ. ಮೂವತ್ತೈದು ವರ್ಷ ಮುದ್ರಣಾಲಯದಲ್ಲಿ ತಪ್ಪು ತಿದ್ದಿ ನಿವೃತ್ತರಾದವರು. ತಿದ್ದುವ ಚಟ ಮಾತ್ರ ನಿವೃತ್ತವಾಗಿರಲಿಲ್ಲ. ಸಂಜೆಯಾದರೆ ಅಂಗಡಿಯ ಸ್ಟೂಲಿನ ಮೇಲೆ ಕೂತು ಪತ್ರಿಕೆಯ ಕಾಗುಣಿತ ತಪ್ಪುಗಳಿಗೆ ಕೆಂಪು ಗೆರೆ ಎಳೆಯುತ್ತಿದ್ದರು. ನಾಟಕದಲ್ಲಿ ಅಧಿಕಾರಿ ಗದರುವ ಮಾತಿನಲ್ಲೂ ಒಂದು ವ್ಯಾಕರಣದೋಷ ಹಿಡಿದಿದ್ದರು. ಕನ್ನಡಕ ತೆಗೆದರೆ ಅವರಿಗೆ ತಮ್ಮ ಕೈಯೇ ಕಾಣುತ್ತಿರಲಿಲ್ಲ. ವೇದಿಕೆಯ ಮೇಲೆ ಅವರು ತಡಕಾಡಿ ಮುಗ್ಗರಿಸಿದಾಗ ಸಭೆ ಉಸಿರು ಹಿಡಿಯುತ್ತಿತ್ತು. "ಎಲ್ರೂ ಅಭಿನಯ ಅಭಿನಯ ಅಂತಾರೆ. ನನಗೆ ನಿಜವಾಗ್ಲೂ ಕಾಣ್ಸಲ್ಲ ಕಣಯ್ಯಾ" ಎಂದು ನಗುತ್ತಿದ್ದರು.

ಸಾಹೇಬರಿಗೆ ನಗು ಬರುತ್ತಿರಲಿಲ್ಲ. ಮೊದಲ ಪ್ರದರ್ಶನಕ್ಕೆ ಏಳು ವರ್ಷದ ಮಗಳು ಮುಂದಿನ ಸಾಲಿನಲ್ಲಿ ಕೂತಿದ್ದಳು. ಮನೆಗೆ ಬಂದ ಮೇಲೆ ಬಾಗಿಲ ಹತ್ತಿರವೇ ನಿಂತು ಕೇಳಿದಳು.

"ಅಪ್ಪಾ, ಆ ತಾತಂಗೆ ಕನ್ನಡಕ ವಾಪಸ್ ಕೊಟ್ಟೆಯಾ?"

"ಕೊಟ್ಟೆ ಮಗಳೇ. ಪರದೆ ಹಾಕಿದ ತಕ್ಷಣ ಕೊಟ್ಟೆ."

"ಅಲ್ಲೇ ಕೊಡ್ಲಿಲ್ವಲ್ಲ."

ಆಮೇಲೆ ಒಂದು ತಿಂಗಳು ರಸ್ತೆ ದಾಟುವಾಗ ಅವಳು ಅಮ್ಮನ ಕೈಯನ್ನೇ ಹಿಡಿದಳು. ಅವಳು ಅದನ್ನು ಮರೆತಳು, ದೊಡ್ಡವಳಾದಳು. ಇವರು ಮರೆಯಲಿಲ್ಲ. ಅಂಗಡಿಯಲ್ಲಿ ಗಿರಾಕಿಯ ಮುಖದಿಂದ ಕನ್ನಡಕ ತೆಗೆಯಲು ಕೈ ಮುಂದೆ ಹೋಗುತ್ತಿರಲಿಲ್ಲ. "ನೀವೇ ತೆಗೀರಿ, ನಿಧಾನಕ್ಕೆ" ಎನ್ನುವುದು ರೂಢಿಯಾಯಿತು. ಪ್ರದರ್ಶನದ ದಿನ ಹೆಂಡತಿ, "ಇವತ್ತು ಮಾತ್ರ ಬೆರಳು ತೋರಿಸಿ ಏನೂ ಕೇಳಬೇಡಿ, ಉಪ್ಪು ಬೇಕಾದ್ರೆ ಬಾಯಲ್ಲಿ ಹೇಳಿ" ಎನ್ನುತ್ತಿದ್ದಳು. ತಮಾಷೆಗೆ ಶುರುವಾದ ಆ ಮಾತು ಕ್ರಮೇಣ ತಮಾಷೆಯಾಗಿ ಉಳಿಯಲಿಲ್ಲ. ನಾಟಕದಲ್ಲಿ ಹಸಿದ ಮಗುವಿನ ತಾಯಿಯಾಗುವ ನರ್ಸಮ್ಮನದು ಇನ್ನೊಂದು ಬಗೆ. ಎಲ್ಲಿಗೆ ಹೋದರೂ ಅವರ ಕೈಚೀಲದಲ್ಲಿ ಬ್ರೆಡ್ಡಿನ ಪೊಟ್ಟಣವಿರುತ್ತಿತ್ತು. ಯಾಕೆಂದು ಯಾರೂ ಕೇಳುತ್ತಿರಲಿಲ್ಲ.

ಬಿಟ್ಟುಬಿಡಬಹುದಿತ್ತು. ಪ್ರತಿವರ್ಷವೂ ಇದೇ ಕೊನೆ ಅಂದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಯಾವುದೋ ಶಾಲೆಯಿಂದ ಕರೆ ಬರುತ್ತಿತ್ತು, ಟೀಚರಮ್ಮನ ಮುಖ ನೋಡಿ ಇವರು ವೇಷದ ಬೂಟು ಒರೆಸಲು ಕೂರುತ್ತಿದ್ದರು.

ಹನ್ನೆರಡನೆಯ ವರ್ಷದ ಒಂದು ಬೆಳಗಿನ ಪ್ರದರ್ಶನ. ನಾಟಕ ಮುಗಿದು ಮಕ್ಕಳು ಸಾಲಾಗಿ ತರಗತಿಗೆ ಹೋದರು. ಮೊಮ್ಮಗಳ ಜೊತೆ ಬಂದಿದ್ದ ಒಬ್ಬ ವಯಸ್ಸಾದ ಹೆಂಗಸು ಮಾತ್ರ ನೇರ ವೇದಿಕೆ ಹತ್ತಿ, ರಾಶಿಯ ಪಕ್ಕ ಕೂತು, ಒಂದು ಕನ್ನಡಕ ಎತ್ತಿಕೊಂಡರು.

"ಇದು ನಮ್ಮ ಯಜಮಾನರದು" ಎಂದರು.

ಸಾಹೇಬರು ಆ ಸಮವಸ್ತ್ರದಲ್ಲೇ ಅವರ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ನೋಡಿ, ಈ ತಾಮ್ರದ ತಂತಿ ನಾನೇ ಸುತ್ತಿದ್ದು. ಸರಿಯಾಗಿ ನಿಲ್ಲಲ್ಲ ಅಂತ ನಿಮ್ಮಂಗಡಿಗೆ ಕೊಟ್ಟು ಬಂದ್ರು. ಆ ವಾರವೇ ಹೋಗ್ಬಿಟ್ರು. ಚೀಟಿ ಹುಡುಕ್ದೆ, ಸಿಗಲಿಲ್ಲ."

"ತಪ್ಪಾಯ್ತಮ್ಮ."

"ಎಷ್ಟು ಸಲ ಸುರಿದಿದ್ದೀರಿ ಇದನ್ನ, ಹೀಗೆ ಚೀಲದಿಂದ?"

ಸಾಹೇಬರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ನೂರೈವತ್ತು ದಾಟಿತ್ತು.

"ನಾಟಕ ಚೆನ್ನಾಗಿತ್ತು. ಅಳು ಬಂತು. ಆದ್ರೆ ಇದು ನನಗೆ ಬೇಕು" ಎಂದು ಆಕೆ ಕನ್ನಡಕವನ್ನು ಕರವಸ್ತ್ರದಲ್ಲಿ ಸುತ್ತಿ, ಮಂಡಿಯ ಮೇಲೆ ಕೈಯೂರಿ ಎದ್ದರು. ಮೆಟ್ಟಿಲಿಳಿಯಲು ಇವರು ಕೈ ಕೊಡಹೋದರು. ಆಕೆ ತೋಳಿನ ಮೇಲಿನ ನಾಜಿ ಪಟ್ಟಿ ನೋಡಿ, ಗೋಡೆ ಹಿಡಿದು ಇಳಿದರು.

ಅಂದು ಸಾಹೇಬರು ಚೀಲವನ್ನು ಅಂಗಡಿಗೆ ಹೊತ್ತು ತಂದರು. ಪ್ರತಿ ಕನ್ನಡಕವನ್ನೂ ಬಟ್ಟೆಯಲ್ಲಿ ಒರೆಸಿ ಮೇಜಿನ ಮೇಲೆ ಸಾಲಾಗಿ ಇಟ್ಟರು. ಕೆಲವಕ್ಕೆ ಅಪ್ಪ ಕಟ್ಟಿದ ದಾರ, ಅದರ ತುದಿಯಲ್ಲಿ ಬಣ್ಣಗೆಟ್ಟ ಚೀಟಿ ಇನ್ನೂ ಇತ್ತು. ಪ್ರೂಫ್ ತಾತ ಭೂತಗನ್ನಡಿ ಹಿಡಿದು ಓದಲು ಕೂತರು. "ನಿಮ್ಮಪ್ಪನ ಕೈಬರಹ ಕಾಗೆ ಕಾಲು" ಎಂದು ಗೊಣಗುತ್ತಲೇ ಎರಡು ತಿಂಗಳ ಸಂಜೆಗಳಲ್ಲಿ ಮೂವತ್ತೊಂದು ಹೆಸರು ಬಿಡಿಸಿದರು. ಭಾನುವಾರಗಳಲ್ಲಿ ಸಾಹೇಬರು ಸೈಕಲ್ ಹತ್ತಿದರು. ಎಷ್ಟೋ ಮನೆಗಳೇ ಇರಲಿಲ್ಲ. ಒಬ್ಬಾಕೆ, "ಅವನದಾ? ಎಸೀರಿ" ಎಂದು ಬಾಗಿಲು ಹಾಕಿಕೊಂಡಳು. ಒಬ್ಬ ಬಡಗಿ ತನ್ನ ತೀರಿಹೋದ ಅಣ್ಣನ ಕನ್ನಡಕವನ್ನು ಹಾಕಿಕೊಂಡು ಅಂಗಳ, ಮರದ ಹಲಗೆಗಳು, ಸಾಹೇಬರು ಎಲ್ಲವನ್ನೂ ಒಂದೊಂದಾಗಿ ನೋಡಿದ. "ಇದಿಲ್ದೆ ಇಷ್ಟು ಮಂಜಾಗಿ ಕಾಣ್ತಿತ್ತಾ ಅವನಿಗೆ" ಎಂದ. ಒಟ್ಟು ಒಂಬತ್ತು ಕನ್ನಡಕ ಮನೆ ಸೇರಿದವು.

ಉಳಿದವನ್ನೂ ಬಿಟ್ಟು ಹೊಸ ಫ್ರೇಮು ತರಿಸೋಣವೆಂದರು ಟೀಚರಮ್ಮ.

"ಬೇಡ ಮೇಡಂ. ಹೊಸದಕ್ಕೆ ಮುಖ ಇರಲ್ಲ. ಇವೇ ಇರಲಿ. ಚೀಲದಿಂದ ಸುರಿಯೋದು ಬೇಡ, ನಾನೇ ಒಂದೊಂದಾಗಿ ಇಡ್ತೀನಿ."

ಅಂದಿನಿಂದ ನಾಟಕ ಆರು ನಿಮಿಷ ಉದ್ದವಾಯಿತು. ಅಧಿಕಾರಿಯ ವೇಷದಲ್ಲಿ ಎತ್ತರದ ಮನುಷ್ಯ ಮೌನವಾಗಿ ಬಗ್ಗಿ ಬಗ್ಗಿ ಕನ್ನಡಕ ಇಡುವುದನ್ನು ಮಕ್ಕಳು ಕೆಮ್ಮದೆ ನೋಡುತ್ತಿದ್ದರು. ಇವರ ಸೊಂಟ ಮಾತ್ರ ಎರಡು ದಿನ ಹಿಡಿದುಕೊಳ್ಳುತ್ತಿತ್ತು.

ಮುಂದಿನ ವರ್ಷ ಪ್ರೂಫ್ ತಾತನ ಎದೆ ಕೈಕೊಟ್ಟಿತು. ಆಸ್ಪತ್ರೆಯಿಂದ ಬಂದವರು ಸ್ಟೂಲಿನ ಮೇಲೆ ಕೂತು, "ಇನ್ನು ಬೀಳೋದು ಸಾಕು ಅಂದಿದಾರೆ ಡಾಕ್ಟ್ರು" ಎಂದರು. ಆಮೇಲೆ ಪತ್ರಿಕೆ ಬಿಡಿಸಿದರು. ಕೆಂಪು ಪೆನ್ನು ಜೇಬಿನಿಂದ ತೆಗೆಯಲೇ ಇಲ್ಲ.

ಸಾಹೇಬರಿಗೆ ಆಗ ಅರವತ್ತೊಂದು, ಅವರಿಗೂ ಕನ್ನಡಕವಿಲ್ಲದೆ ದೂರದ್ದು ಕಾಣುತ್ತಿರಲಿಲ್ಲ. ಮುದುಕನ ಪಾತ್ರ ತಾವೇ ಮಾಡುವುದಾಗಿ ಹೇಳಿದರು. ಅಧಿಕಾರಿಯ ಪಾತ್ರಕ್ಕೆ ಒಬ್ಬ ನಲ್ಲಿ ರಿಪೇರಿಯವನನ್ನು ಟೀಚರಮ್ಮ ಹಿಡಿದು ತಂದರು. ಮೂವತ್ತರ ಆಸುಪಾಸು, ಎರಡು ಮಕ್ಕಳ ತಂದೆ, ಗಟ್ಟಿ ಆಳು. ತಾಲೀಮಿನಲ್ಲಿ ಗದರಬೇಕಾದ ಕಡೆಯೆಲ್ಲ ಅವನಿಗೆ ನಾಚಿಕೆಯಿಂದ ನಗು ಬರುತ್ತಿತ್ತು. ಅಂಗಡಿ ಮುಚ್ಚುವ ಹೊತ್ತಿಗೆ ಅವನನ್ನು ಕರೆಸಿಕೊಂಡು ಸಾಹೇಬರು ಕಿತ್ತುಕೊಳ್ಳುವುದನ್ನು ಹೇಳಿಕೊಟ್ಟರು.

"ಮೊದಲು ಹೆಬ್ಬೆರಳಿಂದ ಕಡ್ಡಿ ಸಡಿಲ ಮಾಡ್ಕೊ. ಇಲ್ದಿದ್ರೆ ಕಿವಿ ಗೀಚುತ್ತೆ. ಸಭೆಗೆ ಜೋರಾಗಿ ಕಿತ್ತ ಹಾಗೆ ಕಾಣ್ಬೇಕು, ನನಗೆ ನೋವಾಗ್ಬಾರ್ದು."

ಅವನು ಐದಾರು ಸಲ ಮಾಡಿದ.

"ಇಷ್ಟು ವರ್ಷ ಈ ಕೆಲಸ ನಿಮ್ಮಿಂದ ಹೇಗಾಯ್ತಣ್ಣ?"

"ಆಗ್ಲಿಲ್ಲ. ಮಾಡ್ದೆ, ಅಷ್ಟೆ."

ಹೊಸ ಪಾತ್ರಗಳ ಮೊದಲ ಪ್ರದರ್ಶನ ಒಂದು ಮಧ್ಯಾಹ್ನ ನಡೆಯಿತು. ನಲ್ಲಿಯವನು ಚೆನ್ನಾಗಿಯೇ ಮಾಡಿದ, ಎಲ್ಲರೂ ಎಣಿಸಿದ್ದಕ್ಕಿಂತ ಚೆನ್ನಾಗಿ. ಕನ್ನಡಕ ಹೋದ ಕ್ಷಣ ಸಾಹೇಬರ ಎದುರಿನ ಸಭೆ ಬಿಳಿಚುಕ್ಕೆಗಳಾಗಿ ಕಲಸಿಹೋಯಿತು. ಬೀಳಬೇಕಿದ್ದ ಕಡೆ ಬಿದ್ದರು. ಏಳಬೇಕಿದ್ದ ಕಡೆ ಏಳಲು ಮಂಡಿ ಕೇಳಲಿಲ್ಲ. ನರ್ಸಮ್ಮ ತೋಳಿಗೆ ಕೈಹಾಕಿ, "ನನ್ನ ಮೇಲೆ ಭಾರ ಹಾಕಿ" ಎಂದು ಪಿಸುಗುಟ್ಟಿ ಎಬ್ಬಿಸಿದರು.

ಪರದೆಯ ಹಿಂದೆ ನಲ್ಲಿಯವನು ಬೂಟು ಕೂಡ ಬಿಚ್ಚದೆ ಪೆಟ್ಟಿಗೆಯ ಮೇಲೆ ಕೂತಿದ್ದ. ಕನ್ನಡಕವನ್ನು ಎರಡೂ ಕೈಯಲ್ಲಿ ಚಾಚಿದ, ತಲೆ ಎತ್ತಲಿಲ್ಲ. ಸಾಹೇಬರು ಅದನ್ನು ಹಾಕಿಕೊಂಡು ಅವನ ಪಕ್ಕದಲ್ಲೇ ಕೂತರು.

"ಮಕ್ಕಳು ಬಾಗಿಲಲ್ಲೇ ಕಾಯ್ತಿರ್ತವೆ. ಹೇಗಣ್ಣ ಹೋಗ್ಲಿ ಮನೆಗೆ?"

"ಮುಖ ತೊಳ್ಕೊ. ಬಟ್ಟೆ ಬದಲಾಯ್ಸು. ಬಸ್ ಹತ್ಬೇಡ, ನಡ್ಕೊಂಡು ಹೋಗು. ಮನೆ ಮುಟ್ಟೋ ಹೊತ್ತಿಗೆ ಸ್ವಲ್ಪ ಇಳಿದಿರುತ್ತೆ."

"ಪೂರ್ತಿ ಇಳಿಯಲ್ವಾ?"

"ಸ್ವಲ್ಪ."

ಅವನು ತೊಳೆದುಕೊಂಡು ಬರುವವರೆಗೂ ಸಾಹೇಬರು ಮಂಡಿ ನೀವಿಕೊಳ್ಳುತ್ತ ಕಾದರು. ಆಮೇಲೆ ಇಬ್ಬರೂ ಬಸ್ ನಿಲ್ದಾಣ ದಾಟಿ, ಮುಚ್ಚಿದ ಗಿರಣಿಯ ಗೋಡೆಯುದ್ದಕ್ಕೂ ನಡೆದರು. ಅವನ ಹೆಜ್ಜೆ ದೊಡ್ಡದು. ಎರಡು ಸಲ ನಿಂತು ಇವರಿಗಾಗಿ ಕಾದ.