ಸಿಪಾಯಿಗೆ ಹೆಣ್ಣು ಕೇಳಲು ಮೊಳಕಾಲ್ಮೂರಿಗೆ

ಚಿತ್ರದುರ್ಗದಿಂದ ಚಳ್ಳಕೆರೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಸಿಕ್ಕಿತು ಎನ್ನುವುದಕ್ಕಿಂತ, ನನ್ನ ತಮ್ಮನ ಮಗ ಜಯರಾಜ ಓಡಿಹೋಗಿ ಟವೆಲ್ ಹಾಕಿ ಹಿಡಿದಿದ್ದ ಎನ್ನಬೇಕು. ಮಿಲಿಟರಿಯಲ್ಲಿ ಕಲಿತದ್ದು ಇಲ್ಲಾದರೂ ಉಪಯೋಗಕ್ಕೆ ಬಂತಲ್ಲ ಎಂದು ರೇಗಿಸಿದೆ. ಅವನು ನಗಲಿಲ್ಲ. ಹೊಸ ಷರ್ಟಿನ ಕಾಲರನ್ನು ಮತ್ತೆ ಮತ್ತೆ ಸಡಿಲ ಮಾಡಿಕೊಳ್ಳುತ್ತಿದ್ದ.

ತೊಂಬತ್ತರ ದಶಕದ ನಡುವಿನ ಒಂದು ಮಾರ್ಚ್ ತಿಂಗಳು ಅದು. ಜಯರಾಜನ ರಜೆ ಮುಗಿಯುತ್ತ ಬಂದಿತ್ತು. ತಾಯಿಯಿಲ್ಲದ ಹುಡುಗ, ಸಾಕಿದವಳು ನಾನು, ಹಾಗಾಗಿ ಮದುವೆ ಮಾಡಿಸುವ ಕೆಲಸವೂ ನನ್ನ ತಲೆಗೇ ಬಿದ್ದಿತ್ತು. ಈ ಸೀಮೆಯಲ್ಲಿ ನಮ್ಮ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಹೆಣ್ಣು ಬೇಕೆಂದರೆ ಊರೂರಿನ ಚರ್ಚಿನ ಸಭೆಗಳನ್ನು ಅಲೆಯಬೇಕು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ದಾನಿಯೇಲಪ್ಪನವರ ಮಗಳು ಸುಗುಣಳನ್ನು ಜಯರಾಜ ಹಿಂದಿನ ರಜೆಯಲ್ಲೇ ನೋಡಿ ಮೆಚ್ಚಿದ್ದ. ಅವಳಿಗೂ ಮನಸ್ಸಿತ್ತು, ಅಪ್ಪನಿಗೂ ಒಪ್ಪಿಗೆಯಿತ್ತು. ಅಡ್ಡ ನಿಂತವರು ದಾನಿಯೇಲಪ್ಪನವರ ತಾಯಿ ಮಾರ್ತವ್ವ. ಹುಡುಗ ಚಿನ್ನದಂಥವನೇ ಇರಲಿ, ಬಂದೂಕು ಹಿಡಿದವನಿಗೆ ನಮ್ಮ ಮನೆಯ ಹೆಣ್ಣಿಲ್ಲ ಎಂದು ಹೇಳಿ ಕಳಿಸಿದ್ದರು. ಆ ಮನೆಯಲ್ಲಿ ಅಜ್ಜಿಯ ಮಾತು ಮೀರುವವರಿಲ್ಲ. ಅವರನ್ನು ಒಪ್ಪಿಸಲು ನಮಗಿದ್ದದ್ದು ಈ ಒಂದೇ ದಿನ.

ಚಳ್ಳಕೆರೆಯಲ್ಲಿ ಇಳಿಯುವಾಗಲೇ ಬಿಸಿಲು ಏರಿತ್ತು. ಎಣ್ಣೆ ಮಿಲ್ಲುಗಳ ಕಡೆಯಿಂದ ಶೇಂಗಾ ಹಿಂಡಿಯ ವಾಸನೆ ಬರುತ್ತಿತ್ತು. ಹಸಿದವರಿಗೆ ಅದು ಹಿತವಿರಬಹುದು, ಬಸ್ಸಿನಲ್ಲಿ ಹೊಟ್ಟೆ ತೊಳಸುವ ನನ್ನಂಥವಳಿಗೆ ಶಿಕ್ಷೆ. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದು ಬಂದರೆ, ನಾವು ಹತ್ತಬೇಕಿದ್ದ ರಾಯದುರ್ಗದ ಖಾಸಗಿ ಬಸ್ಸು ಬಾನೆಟ್ ತೆರೆದುಕೊಂಡು ನಿಂತಿತ್ತು. ನರೆಗಡ್ಡದ ಮೆಕ್ಯಾನಿಕ್ ಒಬ್ಬರು, ಎಲ್ಲರೂ ಖಾದರ್ ಸಾಹೇಬರೆಂದು ಕರೆಯುತ್ತಿದ್ದರು, ಅದರೊಳಗೆ ಅರ್ಧ ಮೈ ತೂರಿಸಿದ್ದರು.

ಕಾಯುವ ಹೊತ್ತಿನಲ್ಲಿ ನಾನು ಜಯರಾಜನಿಗೆ ಪಾಠ ಹೇಳಿದೆ. ಅವನ ಕೆಲಸ ಹೇಸರಗತ್ತೆಗಳದ್ದು. ಗುಡ್ಡದ ಮೇಲಿನ ಠಾಣೆಗಳಿಗೆ ಅಕ್ಕಿ, ಸೀಮೆಎಣ್ಣೆ ಹೊರಿಸಿಕೊಂಡು ಹೋಗುವುದು. ಅಜ್ಜಿ ಕೇಳಿದರೆ ಕತ್ತೆ ಕಾಯುತ್ತೇನೆ ಎಂದಷ್ಟೇ ಹೇಳು, ಬಂದೂಕಿನ ಸುದ್ದಿಯನ್ನೇ ಎತ್ತಬೇಡ ಎಂದೆ. ಖಾದರ್ ಸಾಹೇಬರು ಬಾನೆಟ್ಟಿನಿಂದ ತಲೆ ಹೊರತೆಗೆದು ನಮ್ಮಿಬ್ಬರನ್ನೂ ನೋಡಿದರು.

“ಬಾನೆಟ್ ಮುಚ್ಚಿಬಿಟ್ರೆ ಗಾಡಿ ರಿಪೇರಿ ಆಗಲ್ಲಮ್ಮ,” ಎಂದರು.

ಕೇಳದವರಿಗೆ ಬುದ್ಧಿ ಹೇಳುವುದು ನಮ್ಮ ಕಡೆಯ ಬಸ್‌ಸ್ಟ್ಯಾಂಡುಗಳ ಹಳೆಯ ಚಾಳಿ. ನಾನು ಮುಖ ತಿರುಗಿಸಿಕೊಂಡೆ. ಜಯರಾಜ ಮಾತ್ರ ಆ ದಿನ ಮೊದಲ ಸಲ ನಕ್ಕ.

ಮೊಳಕಾಲ್ಮೂರಿಗೆ ಸುಮಾರು ಐವತ್ತು ಕಿಲೋಮೀಟರು, ತಲೆಗೆ ಹನ್ನೆರಡು ರೂಪಾಯಿ. ತಳಕು ದಾಟಿದ ಮೇಲೆ ಎರಡೂ ಕಡೆ ಒಣಹುಲ್ಲು, ಜಾಲಿ, ಅಲ್ಲಲ್ಲಿ ಕುರಿಮಂದೆ. ಗೌರಸಮುದ್ರದ ಕುರಿಗಾಹಿಯೊಬ್ಬರು ಹೆಗಲ ಮೇಲೆ ಕಂಬಳಿ ಹಾಕಿಕೊಂಡೇ ನನ್ನ ಮುಂದಿನ ಸೀಟಿನಲ್ಲಿ ಕೂತರು. ಮಳೆ ಕಡಿಮೆಯಾದ ವರ್ಷ ವರವು ಕಾವಲಿನ ಹುಲ್ಲುಗಾವಲಿನವರೆಗೂ ಕುರಿ ಹೊಡೆದುಕೊಂಡು ಹೋಗುತ್ತಾರಂತೆ. ಆ ಕಾವಲಿನ ಅಮೃತಮಹಲ್ ದನಗಳನ್ನು ಹಿಂದೆ ಅರಸರು ದಂಡಿನ ತೋಪು ಎಳೆಸಲೆಂದೇ ಸಾಕುತ್ತಿದ್ದರು ಎಂದು ಅವರು ಹೇಳಿದಾಗ, ಇದನ್ನೂ ಅಜ್ಜಿಗೆ ಹೇಳಬಹುದು ಎಂದುಕೊಂಡೆ. ದನಗಳೇ ದಂಡಿಗೆ ಹೋಗಿದ್ದ ಸೀಮೆಯಲ್ಲಿ ನಮ್ಮ ಹುಡುಗ ಹೋದರೆ ಏನು ತಪ್ಪು? ಬಿ.ಜಿ. ಕೆರೆಯಲ್ಲಿ ಕೊಂಡ್ಲಹಳ್ಳಿಯವರು ಇಳಿದು ಬಸ್ಸು ಖಾಲಿಯಾಯಿತು. ಹಾನಗಲ್ಲಿನಲ್ಲಿ ಬಳ್ಳಾರಿ ರಸ್ತೆ ಬಿಟ್ಟು ಬಲಕ್ಕೆ ತಿರುಗಿದ ಮೇಲೆ ಬಂಡೆಗುಡ್ಡಗಳು ಹತ್ತಿರವಾದವು. ಕಂಡಕ್ಟರನ ಮಾತಿನಲ್ಲಿ ಅರ್ಧ ತೆಲುಗು ಸೇರಿಕೊಂಡಿತು.

ದಾನಿಯೇಲಪ್ಪನವರ ಮನೆ ಮಗ್ಗಗಳ ಓಣಿಯಲ್ಲಿತ್ತು. ಹೊರಕೋಣೆಯ ತುಂಬ ಮಗ್ಗ, ಒಳಗೆ ಒಂದು ನಡುಮನೆ, ಅದರ ಹಿಂದೆ ಅಡುಗೆಮನೆ. ಅಲ್ಲಿಂದ ಕೋಳಿ ಸಾರಿನ ಪರಿಮಳ ಬರುತ್ತಿತ್ತು. ಆದರೆ ಮಾತು ಒಂದು ದಾರಿಗೆ ಬರುವವರೆಗೆ ಗಂಡಿನ ಕಡೆಯವರಿಗೆ ಆ ಮನೆಯಲ್ಲಿ ಊಟವಿಲ್ಲ, ಬರೀ ನೀರು, ಬೆಲ್ಲ. ಮಾರ್ತವ್ವ ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದರು. ಎಪ್ಪತ್ತು ದಾಟಿದ ಸಣ್ಣ ಜೀವ, ಬಿಳಿ ಸೀರೆ, ಕಣ್ಣು ಮಾತ್ರ ಚುರುಕು. ಜಯರಾಜನಿಗೆ ಎದುರಿನಲ್ಲೇ ಕೂರಲು ಹೇಳಿದರು.

ನಾನು ತಯಾರಾಗಿಯೇ ಹೋಗಿದ್ದೆ. ಯೇಸುಸ್ವಾಮಿಯ ಹತ್ತಿರ ಬಂದ ಶತಾಧಿಪತಿಯೂ ಸಿಪಾಯಿಯೇ, ಕತ್ತಿ ಬಿಸಾಡಿ ಬಾ ಎಂದು ಸ್ವಾಮಿ ಅವನಿಗೆ ಹೇಳಲಿಲ್ಲ, ಅವನ ನಂಬಿಕೆಯನ್ನು ಹೊಗಳಿದರು ಎಂದೆ. ಸ್ವಾಮಿಯನ್ನು ಹಿಡಿಯಲು ಬಂದಾಗ ಶಿಷ್ಯ ಪೇತ್ರ ಹಿರಿದ ಕತ್ತಿಯನ್ನು ಒರೆಗೆ ಹಾಕಿಸಿದ್ದು ಯಾರು ಎಂದು ಅಜ್ಜಿ ಕೇಳಿದರು. ಗಡಿಯಲ್ಲಿ ಯಾರೂ ನಿಲ್ಲದಿದ್ದರೆ ನಾವು ಭಾನುವಾರ ನೆಮ್ಮದಿಯಾಗಿ ಚರ್ಚಿಗೆ ಹೋಗುವುದು ಹೇಗೆ ಎಂದೆ. ಗಡಿಯ ಆಚೆ ನಿಂತವನಿಗೂ ಒಬ್ಬ ಅಜ್ಜಿ ಇರುತ್ತಾಳಲ್ಲ ಎಂದರು. ಅಮೃತಮಹಲ್ ದನಗಳ ವಿಷಯ ತೆಗೆದೆ; ದನಗಳಿಗೆ ಸ್ವರ್ಗ ನರಕದ ಚಿಂತೆಯಿಲ್ಲ ಎಂದುಬಿಟ್ಟರು. ಊರಿನ ಪಾದ್ರಿ ಅಯ್ಯನವರೂ ಈ ಮುದುಕಿಯ ಎದುರು ಸೋತಿರಬೇಕು ಅನಿಸಿತು. ಕೊನೆಗೆ ನನ್ನ ಹೇಸರಗತ್ತೆಯನ್ನೇ ಹೊರಡಿಸಿದೆ. ಇವನು ಕತ್ತೆ ನೋಡಿಕೊಳ್ಳುವವನು, ಅಷ್ಟೇ ಎಂದೆ.

“ಬಂದೂಕೂ ಐತೆ ಅಜ್ಜಿ,” ಎಂದ ಜಯರಾಜ. “ಕತ್ತೆ ಜೊತೆ ಹೋಗುವಾಗ ಹೆಗಲ ಮ್ಯಾಲೆ ಇರ್ತೈತೆ.”

ಹೊಡೆದಿದ್ದೀಯಾ ಎಂದು ಅಜ್ಜಿ ಕೇಳಿದರು. ಕತ್ತಲಲ್ಲಿ ಒಮ್ಮೆ ಹೊಡೆದದ್ದುಂಟು, ಯಾರಿಗಾದರೂ ತಗಲಿತೋ ಇಲ್ಲವೋ ತಿಳಿಯದು, ಅದನ್ನು ದಿನವೂ ದೇವರಿಗೆ ಹೇಳುತ್ತೇನೆ ಎಂದ. ನನಗೂ ಅವನು ಇದನ್ನು ಹೇಳಿರಲಿಲ್ಲ. ಕೆಲಸ ಕೆಟ್ಟಿತು ಎಂದು ನಾನು ಸೆರಗು ಸರಿಮಾಡಿಕೊಂಡು ಏಳಲು ಅಣಿಯಾದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಗುಣ ತಲೆ ತಗ್ಗಿಸಿದಳು.

ಮಾರ್ತವ್ವ ಸಿಟ್ಟಾಗಲಿಲ್ಲ. ಅವನನ್ನೇ ನೋಡುತ್ತ ತಮ್ಮ ಗಂಡನ ವಿಷಯ ಹೇಳಿದರು. ಆಶೀರ್ವಾದಪ್ಪ ಬ್ರಿಟಿಷರ ಕಾಲದಲ್ಲಿ ಪಲ್ಟನ್ನಿಗೆ ಸೇರಿ ಬರ್ಮಾ ಕಡೆಯ ಯುದ್ಧಕ್ಕೆ ಹೋದವರು. ಆಗ ದಾನಿಯೇಲಪ್ಪ ತೊಟ್ಟಿಲ ಕೂಸು. ಅವರು ಗುಂಡಿಗೆ ಸಿಕ್ಕರು ಎಂಬ ಸುದ್ದಿಯಷ್ಟೇ ಬಂತು, ಮಣ್ಣು ಮಾಡಲು ದೇಹವೂ ಬರಲಿಲ್ಲ. ಮೇಲೆ ಹೋದಾಗ ಗಂಡ ಸಿಗುತ್ತಾರೆ ಎಂಬ ಆಸೆಯೊಂದರಲ್ಲೇ ಅಜ್ಜಿ ಇಷ್ಟು ವರ್ಷ ತಳ್ಳಿದ್ದರು. ಬಂದೂಕು ಹಿಡಿದವರು ಪ್ರಾರ್ಥನೆಯಿಲ್ಲದೆ ಸತ್ತಿದ್ದರೆ ಅಲ್ಲಿ ಸಿಗುತ್ತಾರೆಯೇ ಎಂಬ ಹುಳು ಆ ಆಸೆಗೂ ಬಿದ್ದಿತ್ತು.

“ಒಂದು ಮಾತು ಕೇಳ್ತೀನಿ, ಸುಳ್ಳು ಹೇಳಬ್ಯಾಡ ಮಗಾ,” ಎಂದರು. “ಗುಂಡು ಬರೋವಾಗ ಪ್ರಾರ್ಥನೆ ಮಾಡಾಕೆ ಟೈಮು ಸಿಗ್ತೈತಾ?”

ಒಂದು ಕ್ಷಣ ಸಾಕು, ದೇವರು ಕೇಳಿಸಿಕೊಳ್ಳುತ್ತಾನೆ ಎನ್ನಲು ನಾನು ಬಾಯಿ ತೆರೆದಿದ್ದೆ.

“ಸಿಗಲ್ಲ ಅಜ್ಜಿ,” ಎಂದ ಜಯರಾಜ. “ಅದಕ್ಕೇ ಹೊರಡೋ ಮುಂಚೇನೇ ಮಾಡಿ ಮುಗಿಸಿರ್ತೀವಿ. ಗೋಡೆ ಕಡೆ ಮುಖ ಮಾಡಿ ನಿಂತ್ಕಂತೀವಿ. ಮನೆಯೋರ ಮುಖ ನೋಡಿದ್ರೆ ಪ್ರಾರ್ಥನೆ ಬಾಯಿಗೆ ಬರಲ್ಲ, ಕಾಲೂ ಏಳಲ್ಲ.”

ಅದು ನಿಜ. ರಜೆ ಮುಗಿಸಿ ಹೊರಡುವಾಗೆಲ್ಲ ನಮ್ಮ ಮನೆಯಲ್ಲೂ ಅವನು ಹಾಗೆ ನಿಲ್ಲುತ್ತಿದ್ದ. ಅಳು ಮುಚ್ಚಿಕೊಳ್ಳುತ್ತಾನೆ ಎಂದುಕೊಂಡು ನಾನು ಆಚೆ ಹೋಗಿಬಿಡುತ್ತಿದ್ದೆ.

ಮಾರ್ತವ್ವ ಕತ್ತು ತಿರುಗಿಸಿ ನಡುಮನೆಯ ಎಡಗೋಡೆಯನ್ನು ನೋಡಿದರು. ಅಲ್ಲೊಂದು ಕ್ಯಾಲೆಂಡರು, ಅದರ ಕೆಳಗೆ ಸುಣ್ಣ ಉದುರಿದ ಜಾಗ.

“ಅವ್ರೂ ಅಲ್ಲೇ ನಿಂತಿದ್ರು,” ಎಂದರು. “ಹೋಗಬ್ಯಾಡ ಅಂತ ಹಿಂದಿನ ದಿನ ಜಗಳ ಆಡಿದ್ದೆ. ಕೂಸು ಎತ್ಕಂಡು ಕರದೆ, ತಿರುಗಲೇ ಇಲ್ಲ. ನನ್ನ ಮ್ಯಾಲೆ ಸಿಟ್ಟು ಇಟ್ಕಂಡೇ ಹೋದ್ರು ಅಂತ ಇವತ್ತಿನವರೆಗೂ ಅಂದ್ಕಂಡಿದ್ದೆ.”

ಅಲ್ಲೇ ಪಕ್ಕದಲ್ಲಿದ್ದ ದಾನಿಯೇಲಪ್ಪನವರು ಇದನ್ನು ಹಿಂದೆಂದೂ ಕೇಳಿರಲಿಲ್ಲವೇನೋ, ಗೋಡೆಯನ್ನೇ ನೋಡುತ್ತ ಕೂತರು. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, ಅತ್ತದ್ದಕ್ಕೂ ನಕ್ಕದ್ದಕ್ಕೂ ನಡುವಿನ ಒಂದು ದನಿಯಲ್ಲಿ, ತಟ್ಟೆ ಹಾಕಿರಿ, ಮುದ್ದೆ ಆರಿಹೋಗುತ್ತೆ ಎಂದರು. ಆ ಮನೆಯಲ್ಲಿ ತಟ್ಟೆ ಬಿತ್ತೆಂದರೆ ಏನರ್ಥವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಬಾಯಿಬಿಟ್ಟು ಒಂದು ಮಾತು ಬರಲಿ ಎಂದು ನಾನು ಮುದ್ದೆ ನುಂಗುತ್ತ ಕಾದೆ. ಬರಲಿಲ್ಲ. ಸಾರು ಮಾತ್ರ ಎರಡು ಸಲ ಬಂತು.

ಬಿಸಿಲು ಇಳಿದ ಮೇಲೆ ಹೊರಟೆವು. ಸುಗುಣಳ ತೋಳು ಹಿಡಿದುಕೊಂಡು ಮಾರ್ತವ್ವ ಬಸ್ಸು ನಿಲ್ಲುವ ಜಾಗದವರೆಗೂ ಬಂದರು. ಜಯರಾಜ ಬಗ್ಗಿದ. ಅವರು ಅವನ ತಲೆಯ ಮೇಲೆ ಕೈಯಿಟ್ಟು ತುಟಿಯಲ್ಲೇ ಪ್ರಾರ್ಥನೆ ಮಾಡಿದರು. ಕೈ ತೆಗೆಯುವ ಮೊದಲು ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

“ಮದುವೆ ಆದ್ಮ್ಯಾಲೆ, ಹೊರಡೋ ದಿನ ಗೋಡೆ ಕಡೆ ನಿಲ್ಲಬ್ಯಾಡ,” ಎಂದರು. “ಇವಳ ಕಡೆ ತಿರುಗಿ ಮಾಡು. ಬಾಯಿಗೆ ಬರದಿದ್ರೂ ಇವಳ ಕಡೆ ತಿರುಗೇ ಮಾಡು.”

ಬಸ್ಸು ಬಂದಾಗ ಜಯರಾಜ ಸೀಟು ಹಿಡಿಯುವುದನ್ನೇ ಮರೆತ. ಹಿಂದಿನ ಕಿಟಕಿಯ ಹತ್ತಿರ ನಿಂತುಕೊಂಡೇ ಬರಬೇಕಾಯಿತು, ನನಗೆ ಬೈಯಬೇಕೆನಿಸಲಿಲ್ಲ. ಆ ಕಿಟಕಿಯಿಂದ ನೋಡಿದೆ. ಸುಗುಣ ನಾಚಿ ಅತ್ತ ತಿರುಗಿದ್ದಳು. ಅಜ್ಜಿ ಮಾತ್ರ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಮ್ಮ ಕಡೆಗೇ ಮುಖ ಮಾಡಿ ನಿಂತಿದ್ದರು.