ಹೊತ್ತು ಕಂತುವುದನ್ನು ನೋಡಲು ಹೋದ ಗೌರಕ್ಕ

ಬೆಳಿಗ್ಗೆ ಆರೂ ಹತ್ತಕ್ಕೆ ಮನೆಯ ಕೆಳಗಿನ ಏರಿನಲ್ಲಿ ಕುಂದಾಪುರದ ಬಸ್ಸು ಎರಡನೇ ಗೇರಿಗೆ ಇಳಿಯುತ್ತದೆ. ಎಂಜಿನ್ನು ಒಂದು ಕ್ಷಣ ಉಸಿರು ಹಿಡಿದು, ಆಮೇಲೆ ಗೊರಗೊರ ಎಂದು ಹತ್ತುತ್ತದೆ. ಹೊಸನಗರದಾಚೆಯ ಆ ತಿರುವಿನಲ್ಲಿ ಇಪ್ಪತ್ತಾರು ವರ್ಷ ಈ ಸದ್ದು ಎಬ್ಬಿಸಿದವನು ಡ್ರೈವರ್ ಪುಟ್ಟಣ್ಣ. ಕೇಳಿದವಳು ಅವನ ಹೆಂಡತಿ ಮಂಗಳಗೌರಿ, ನಮಗೆಲ್ಲ ಗೌರಕ್ಕ.

ಎರಡು ತಿಂಗಳಿಂದ ಬಸ್ಸನ್ನು ಬೇರೆ ಯಾರೋ ಓಡಿಸುತ್ತಿದ್ದಾರೆ. ಪುಟ್ಟಣ್ಣನಿಗೆ ಅರವತ್ತು ತುಂಬಿತು, ಮಾಲೀಕರು ಶಾಲು ಹೊದೆಸಿ ಕಳಿಸಿದರು. ಆದರೂ ಆ ಹೊತ್ತಿಗೆ ಜಗಲಿಯಲ್ಲಿ ಕಾಫಿ ಕುಡಿಯುವ ಅವನ ಎಡಗೈ ಗೇರು ಹಾಕುವಂತೆ ತಾನಾಗಿ ಸರಿಯುತ್ತದೆ.

"ಗೇರು ಲೇಟಾಗಿ ಹಾಕ್ದ," ಎನ್ನುತ್ತಾನೆ.

"ಕಾಫಿ ಚೆಲ್ತು," ಎನ್ನುತ್ತಾಳೆ ಗೌರಕ್ಕ.

ಅವಳು ಊರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಅವಳ ದಿನವೂ ಗಂಟೆ ನೋಡಿಕೊಂಡೇ ನಡೆಯುವುದು. ಶಾಲೆಯ ಪಾತ್ರೆಗಳನ್ನು ಮಗುಚಿಟ್ಟು ಮನೆ ಸೇರುವಷ್ಟರಲ್ಲಿ ಪಡುವಣದ ಗುಡ್ಡ ಸೂರ್ಯನನ್ನು ಅಡಗಿಸಿಬಿಟ್ಟಿರುತ್ತದೆ. ಆಮೇಲೆ ಕತ್ತಲಾಗುವವರೆಗೆ ಎಲ್ಲಿಂದ ಬರುತ್ತದೆಂದು ತಿಳಿಯದ ಒಂದು ಬೆಳಕು. ಐವತ್ತನಾಲ್ಕು ವರ್ಷದಲ್ಲಿ ಅವಳು ಹೊತ್ತು ಕಂತುವುದನ್ನು ಒಮ್ಮೆಯೂ ಪೂರ್ತಿ ನೋಡಿರಲಿಲ್ಲ. ಸಮುದ್ರದ ದಡದಲ್ಲಿ ಕೂತು, ಸೂರ್ಯನ ಕೊನೆಯ ಚೂರು ಮುಳುಗುವವರೆಗೆ ನೋಡಬೇಕು ಎಂದು, ಗಂಡ ಕುಂದಾಪುರದ ರೂಟಿಗೆ ಸೇರಿದ ವರ್ಷವೇ ಕೇಳಿದ್ದಳು. ದಿನಾ ಅಲ್ಲಿಗೇ ಹೋಗುವವನು ಪ್ರತಿ ಸಲವೂ "ಮುಂದಿನ ವಾರ" ಎಂದಿದ್ದ.

ಜನವರಿಯ ಒಂದು ಭಾನುವಾರ ಅವಳೇ ತನ್ನ ತಮ್ಮ ಯೋಗರಾಜನಿಂದ ಆಲ್ಟೊ ಕಾರು ತರಿಸಿದಳು. "ಇವತ್ತು ಹೊತ್ತು ಕಂತಿದ ಮೇಲೇ ವಾಪಸ್," ಎಂದಳು. ಪುಟ್ಟಣ್ಣ ಹೂಂ ಎಂದು ಸ್ಟೇರಿಂಗು ಹಿಡಿದ.

ದಾರಿಯಲ್ಲಿ ಬಸ್ ಸ್ಟಾಪು ಬಂದಲ್ಲೆಲ್ಲ ಕಾರು ನಿಧಾನವಾಯಿತು. ಮಾಸ್ತಿಕಟ್ಟೆಯಲ್ಲಿ ಪೂರ್ತಿ ನಿಂತೇಬಿಟ್ಟಿತು.

"ಯಾರನ್ನ ಹತ್ತಿಸ್ಕೊಳ್ತೀರಿ? ಹಿಂದಿನ ಸೀಟು ಖಾಲಿ ಇದೆ. ಟಿಕೆಟ್ ನಾನು ಹರೀಲಾ?"

"ಬ್ರೇಕ್ ಟೆಸ್ಟ್ ಮಾಡ್ದೆ ಮಾರಾಯ್ತಿ. ಮುಂದೆ ಘಾಟಿ."

ಘಾಟಿ ಇಳಿದು ಕುಂದಾಪುರ ಮುಟ್ಟಿದಾಗ ಎರಡೂವರೆ. ಅವನು ಸೀದಾ ಬಸ್ ಸ್ಟ್ಯಾಂಡಿಗೆ ಹೋಗಿ, ತನ್ನ ಬಸ್ಸು ನಿಲ್ಲುವ ಜಾಗದ ಪಕ್ಕದಲ್ಲೇ ಕಾರು ನಿಲ್ಲಿಸಿದ. ಮಾಮೂಲಿನ ಹೋಟೆಲಿನಲ್ಲಿ ಊಟವಾಯಿತು. ಟೀ ಆಯಿತು. ಅವನು ಕೂರಲಿಲ್ಲ, ಎರಡು ಸಲ ಎದ್ದು ಹೋಗಿ ಯಾರ ಯಾರದೋ ಬಸ್ಸಿನ ಟೈರು ಒದ್ದು ನೋಡಿ ಬಂದ.

"ಸಮುದ್ರ ಯಾವ ಕಡೆ?" ಗೌರಕ್ಕ ಕೇಳಿದಳು.

ಪುಟ್ಟಣ್ಣ ಹೋಟೆಲಿನ ಹಿಂದಕ್ಕೆ ಕೈ ಮಾಡಿದ. ಸ್ವಲ್ಪ ಯೋಚಿಸಿ ಎಡಕ್ಕೆ ತಿರುಗಿಸಿದ.

"ಗೊತ್ತಿಲ್ವಾ ನಿಮಗೆ?"

"ನಮ್ಮ ರೂಟು ಬಸ್ ಸ್ಟ್ಯಾಂಡಿನವರೆಗೆ ಮಾತ್ರ," ಎಂದ. "ಇಪ್ಪತ್ತು ನಿಮಿಷ ಹಾಲ್ಟು. ಅಷ್ಟರಲ್ಲಿ ಸಮುದ್ರ ನೋಡ್ತಾ ಕೂತ್ರೆ ಪ್ಯಾಸೆಂಜರ್ ಬೈಯಲ್ವಾ?"

ಅವಳಿಗೆ ನಗು ಬಂತು. ಇಷ್ಟು ವರ್ಷ ಅವನು ದಿನಾ ಅದನ್ನು ನೋಡಿ ಬರುತ್ತಾನೆಂದು ಒಳಗೊಳಗೇ ಹೊಟ್ಟೆಕಿಚ್ಚುಪಟ್ಟಿದ್ದಳು. ಇನ್ನೂ ಹೊತ್ತಿದೆ, ಕೇಳಿಕೊಂಡು ಹೋದರಾಯಿತು ಎಂದು ಬ್ಯಾಗನ್ನು ಕಾರಿನ ಸೀಟಿನಲ್ಲಿಟ್ಟು, ಚಿಕ್ಕ ಪರ್ಸು ಮಾತ್ರ ಹಿಡಿದು, ಎದುರಿನ ಹೂವಿನ ಅಂಗಡಿಗೆ ಹೋದಳು. ಪುಟ್ಟಣ್ಣ ಸ್ಟೇರಿಂಗಿನ ಹಿಂದೆ ಕೂತ.

ನಾಲ್ಕೂ ಹತ್ತು ಹೊಸನಗರದ ಬಸ್ಸು ಹೊರಡುವ ಹೊತ್ತು. ಪುಟ್ಟಣ್ಣನ ಜೊತೆಗಿದ್ದ ಹಳೇ ಕಂಡಕ್ಟರ್ ತೀರ್ಥೇಶ ಉದ್ದಕ್ಕೆ ಸೀಟಿ ಊದಿ, ಬಸ್ಸಿನ ಮೈಯನ್ನು ಎರಡು ಸಲ ತಟ್ಟಿ, "ರೈಟ್" ಎಂದ. ಬಸ್ಸು ಹೊರಟಿತು. ಅದರ ಹಿಂದೆಯೇ ಆಲ್ಟೊ ಹೊರಟಿತು.

ಗೌರಕ್ಕ ಮೊಳ ಹಾಕಿಸುತ್ತಿದ್ದವಳು ತಿರುಗಿ ನೋಡಿದಾಗ ಕಾರು ಗೇಟು ದಾಟುತ್ತಿತ್ತು.

"ನಿಮ್ಮವರು ಅಲ್ದಾ ಅದು?" ಹೂವಿನ ಹೆಂಗಸು ಕೇಳಿದಳು. "ನಿಮ್ಮನ್ನ ಬಿಟ್ಟೇ ಹೋದ್ರಲ್ಲ."

"ಸೀಟಿ ಕೇಳಿದ್ರೆ ಅವರಿಗೆ ಹಾಗೇ," ಎಂದಳು ಗೌರಕ್ಕ.

ಫೋನು ಬ್ಯಾಗಿನಲ್ಲಿ ಹೋಗಿತ್ತು. ಅವಳು ಅಲ್ಲೇ ನಿಂತು ಲೆಕ್ಕ ಹಾಕಿದಳು. ಕಾದರೆ ಅವನು ಬರುತ್ತಾನೆ. ಬಂದವನೇ ಹೊತ್ತಾಯಿತು, ಘಾಟಿಯಲ್ಲಿ ಮಂಜು ಬೀಳುತ್ತದೆ, ಮುಂದಿನ ವಾರ ಬರೋಣ ಎನ್ನುತ್ತಾನೆ. ಅವಳು ಕಾರು ಹತ್ತುತ್ತಾಳೆ. ಹತ್ತಿಯೇ ಹತ್ತುತ್ತಾಳೆ ಎಂದು ಅವಳಿಗೇ ಗೊತ್ತಿತ್ತು.

"ಅವರು ಬಂದ್ರೆ ಸಮುದ್ರದ ಹತ್ರ ಇದಾಳೆ ಅನ್ನಿ," ಎಂದು ಹೂವಿನವಳಿಗೆ ಹೇಳಿ, ಆಟೋ ನಿಲ್ಲಿಸಿದಳು.

ಆಟೋದವನು ಇಳಿಸಿದ ಕೋಡಿಯ ಕಡಲ ದಡದಲ್ಲಿ ಹೆಚ್ಚು ಜನವಿರಲಿಲ್ಲ. ನೀರು ಅವಳು ಅಂದುಕೊಂಡದ್ದಕ್ಕಿಂತ ಗಲಾಟೆಯದು. ಒಂದು ಗಳಿಗೆ ಸುಮ್ಮನಿರುವುದಿಲ್ಲ. ಸೂರ್ಯ ಇನ್ನೂ ಎತ್ತರದಲ್ಲಿದ್ದ. ಊರಲ್ಲಿ ಆಗಲೇ ಗುಡ್ಡದ ಹಿಂದೆ ಸರಿದಿರಬೇಕಾದವನು ಇಲ್ಲಿ ಕಣ್ಣು ಕುಕ್ಕುತ್ತಿದ್ದ. ಅವಳು ಒಣಮರಳಲ್ಲಿ ಕೂತಳು. ಕೈಗೆ ಕೆಲಸವಿಲ್ಲದೆ ಮರಳನ್ನೇ ಅಕ್ಕಿಯಂತೆ ಆರಿಸಿದಳು. ಐದು ನಿಮಿಷಕ್ಕೊಮ್ಮೆ ರಸ್ತೆಯ ಕಡೆ ತಿರುಗಿದಳು. ಅವನು ಬರಲಿ ಎಂದೋ, ಬಾರದಿರಲಿ ಎಂದೋ.

ಅತ್ತ ಘಾಟಿಯ ದಾರಿಯಲ್ಲಿ, ಕಂಡ್ಲೂರಿನ ಹತ್ತಿರ, "ಗ್ಲಾಸು ಏರಿಸು, ಗಾಳಿ" ಎಂದು ಪಕ್ಕಕ್ಕೆ ತಿರುಗಿದಾಗ ಪುಟ್ಟಣ್ಣನಿಗೆ ಕಂಡದ್ದು ಬ್ಯಾಗು ಮಾತ್ರ. ವಾಪಸ್ ಬಂದು, ಹೂವಿನವಳ ನಗು ಸಹಿಸಿ, ಕೋಡಿಯ ದಾರಿಯನ್ನು ಮೂರು ಕಡೆ ಕೇಳಿದ. "ಪುಟ್ಟಣ್ಣ, ನೀವು ದಾರಿ ಕೇಳೂದಾ?" ಎಂದು ಆಟೋದವರೂ ನಕ್ಕರು.

ಐದೂಕಾಲಿಗೆ ಅವನು ಅವಳ ಹಿಂದೆ ಬಂದು ನಿಂತ. ಕೈಯಲ್ಲಿ ಬೀಗದ ಕೈ ಝಣಝಣ ಎನ್ನುತ್ತಿತ್ತು.

"ಆ ತೀರ್ಥೇಶ ಸೀಟಿ ಹೊಡೆದ, ನಾನು..."

"ಗೊತ್ತು."

"ಹೆದರಿದ್ಯಾ?"

"ಇಲ್ಲ."

ಅವನು ಗಡಿಯಾರ ನೋಡಿದ. "ಘಾಟಿಲಿ ಮಂಜು ಬೀಳ್ತದೆ, ಗೌರಿ. ಈಗ ಹೊರಟ್ರೆ ಬೆಳಕಲ್ಲೇ ಹುಲಿಕಲ್ ದಾಟ್ಬಹುದು. ಮುಂದಿನ ವಾರ ಬೇಕಾದ್ರೆ..."

"ನಿಮಗೆ ಟೈಮಾಗಿದ್ರೆ ಹೊರಡಿ," ಎಂದಳು ಗೌರಕ್ಕ, ನೀರಿನಿಂದ ಕಣ್ಣು ತೆಗೆಯದೆ. "ನನ್ನ ಬಿಟ್ಟು ಹೋಗೋದು ಕಲಿತಾಯ್ತಲ್ಲ. ನಾನು ನಾಳೆ ನಿಮ್ಮ ಬಸ್ಸಿಗೇ ಬರ್ತೀನಿ. ಟಿಕೆಟ್ ತಗೊಂಡು."

ಪುಟ್ಟಣ್ಣ ಕಾರಿನವರೆಗೆ ಹೋದ. ಬಾಗಿಲು ತೆಗೆದ ಸದ್ದಾಯಿತು, ಹಾಕಿದ ಸದ್ದಾಯಿತು. ತಿರುಗಿ ಬಂದು ಅವಳ ಪಕ್ಕ ಕೂತ. ಕಾಲು ಚಾಚಿದ, ಮಡಚಿದ. ಬಲಗಾಲು ಮರಳನ್ನು ಒತ್ತುತ್ತಲೇ ಇತ್ತು. ಎರಡು ಸಲ "ಇನ್ನೆಷ್ಟು ಹೊತ್ತು" ಎಂದ. ಮೂರನೆಯ ಸಲ ಬಾಯಿ ತೆರೆದವನು ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡ.

ಸೂರ್ಯ ಕೆಂಪಾಗಿ, ಅಗಲವಾಗಿ, ನೀರಿನ ಗೆರೆಯನ್ನು ಮುಟ್ಟಿದ. ಗೌರಕ್ಕ ಎದ್ದು ಚಪ್ಪಲಿ ಬಿಟ್ಟು, ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

"ಎಲ್ಲಿಗೆ?" ಅವನು ಅರ್ಧ ಎದ್ದ. "ಇಲ್ಲಿಂದಲೇ ಕಾಣ್ತದಲ್ಲ."

"ಇನ್ನೂ ಮುಕ್ಕಾಲು ಉಳಿದಿದೆ. ನೀವು ಕೂತಿರಿ, ಕರೀಬೇಡಿ. ಅದು ಪೂರ್ತಿ ಹೋಗುವವರೆಗೆ ನಾನು ಬರಲ್ಲ," ಎಂದು ಅವಳು ನೀರಿನ ಕಡೆಗೆ ನಡೆದಳು. ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ಸೂರ್ಯನ ಕೊನೆಯ ಚೂರು ಮುಳುಗುವವರೆಗೆ ನೋಡಿದಳು.