ಫ್ರಾನ್ಸ್ ಮಾತಾಡಿದ ದಿನ

ನಿನ್ನೆ ನಾಪೋಕ್ಲು ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತ ಯುವಕನ ಮೊಣಕಾಲಿನಿಂದ ನೀಲಗಿರಿ ಎಣ್ಣೆಯ ವಾಸನೆ ಘಮ್ಮೆಂದು ಬಂತು. ಅವನ ಕೈಯಲ್ಲೊಂದು ಹಾಕಿ ಸ್ಟಿಕ್ಕಿತ್ತು. ಎದುರಿಗಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಇನ್ನಷ್ಟು ಹತ್ತಿರಕ್ಕೆ ಸರಿದು ಕೂತದ್ದರಿಂದ ಯುವಕ ನನ್ನನ್ನು ಅನುಮಾನದಿಂದ ನೋಡಿದ. ಆ ವಾಸನೆ ಬಂದರೆ ಸಾಕು, ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡ್, ಫ್ರಾನ್ಸ್, ಅಮೆರಿಕ ಮೂರೂ ಒಂದೇ ಒಲೆಯಲ್ಲಿ ಅಡುಗೆ ಮಾಡಿಕೊಂಡದ್ದು ನನಗೆ ನೆನಪಾಗುತ್ತದೆ ಎಂದು ಅವನಿಗೆ ಹೇಗೆ ಹೇಳುವುದು?

ಹಾಗೆಲ್ಲ ಆಗಲೇ ಇಲ್ಲವಲ್ಲ ಎಂದು ನೀವು ಕೇಳುತ್ತೀರಿ. ನನಗೂ ಗೊತ್ತು ಸ್ವಾಮಿ. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿಯೇ ತಲೆ ಬೋಳಾದವನು ನಾನು. ಆದರೆ ಕುಶಾಲನಗರದ ಕಡೆಯಿಂದ ನಾಪೋಕ್ಲಿಗೆ ವರ್ಗವಾಗಿ ಬಂದಾಗ ನನಗೆ ಬಾಡಿಗೆಗೆ ಮನೆ ಕೊಟ್ಟ ಸುಬೇದಾರ್ ತಾತನ ಜಗಲಿಯಲ್ಲಿ ಬೇರೆಯೇ ಒಂದು ಚರಿತ್ರೆ ನಡೆಯುತ್ತಿತ್ತು. ಅದಕ್ಕೆ ನಾನು ಪ್ರತಿ ಸಂಜೆ ಹಾಜರಿ ಹಾಕುತ್ತಿದ್ದೆ. ಬೆಲ್ಲದ ಕಾಫಿಯ ಆಸೆಗೆ ಹೋಗುತ್ತಿದ್ದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದೂ ಪೂರ್ತಿ ಸುಳ್ಳಲ್ಲ.

ತಾತ ಯೌವನದಲ್ಲಿ ಇಟಲಿಗೆ ಹೋಗಿ ಯುದ್ಧ ಮಾಡಿ ಬಂದವರು. ಅಲ್ಲಿನ ಗುಂಡಿನ ಸದ್ದಿಗಿಂತ ಅಡುಗೆಯ ಹೊಗೆಯೇ ಅವರ ಮನಸ್ಸಿನಲ್ಲಿ ಹೆಚ್ಚು ಉಳಿದಿತ್ತು.

"ನೋಡಿ ಮಾಷ್ಟ್ರೇ, ಎಲ್ಲ ಸೇರಿ ಗುಂಡು ಹೊಡೆದ್ರು. ಊಟಕ್ಕೆ ಮಾತ್ರ ಬೇರೆ ಬೇರೆ ಹೊಗೆ. ಇಂಗ್ಲಿಷಿನವಂದು ಇಲ್ಲಿ, ಅಮೆರಿಕದವಂದು ಅಲ್ಲಿ, ಫ್ರೆಂಚಿನವಂದು ಗುಡ್ಡದಾಚೆ. ಇದೆಲ್ಲ ಎಷ್ಟು ದಿನ ನಿಲ್ತದೆ?"

ಹಾಗಾಗಿ ತಾತ ಯುದ್ಧದ ನಂತರದ ಜಗತ್ತನ್ನು ತಾವೇ ರಿಪೇರಿ ಮಾಡಿಕೊಂಡಿದ್ದರು. ಅವರ ಪ್ರಕಾರ ಗೆದ್ದ ಮಿತ್ರರಾಷ್ಟ್ರಗಳೆಲ್ಲ ಸೇರಿ ಒಂದೇ ಒಕ್ಕವಾದವು. ಒಕ್ಕ ಎಂದರೆ ನಿಮಗೆ ಗೊತ್ತಿರಬಹುದು, ಒಂದೇ ಮೂಲದ, ಒಂದೇ ಹೆಸರಿನ ಕೊಡವ ಕುಟುಂಬ. ಅದಕ್ಕೊಂದು ಹಿರೀಮನೆ, ಒಂದು ದೀಪ, ವಯಸ್ಸಿನಲ್ಲಿ ಹಿರಿಯನಾದ ಒಬ್ಬ ಪಟ್ಟೆದಾರ. ಇಂಗ್ಲೆಂಡಿನ ಪ್ರಧಾನಿ ಯಾರ ಕೈಯಲ್ಲೂ ಹೇಳಿ ಕಳಿಸದೆ ತಾನೇ ದೋಣಿ ಹತ್ತಿ ಹೋಗಿ ಪ್ಯಾರಿಸ್ಸಿನ ಬಾಗಿಲಲ್ಲಿ ನಿಂತು ಕರೆದನಂತೆ. ಪಟ್ಟೆದಾರ ಯಾರಾಗಬೇಕೆಂದು ಜಗಳ ಹತ್ತಿದಾಗ, ಯಾರೂ ಹೆದರದ ಪುಟ್ಟ ದೇಶ ಲಕ್ಸೆಂಬರ್ಗನ್ನು ಹಿಡಿದು ಆ ಕುರ್ಚಿಯಲ್ಲಿ ಕೂರಿಸಿದರಂತೆ. ಜರ್ಮನಿಗೆ ಕೆಲವು ಕಾಲ ಪಾತ್ರೆ ತೊಳೆಯುವ ಕೆಲಸ, ಆಮೇಲೆ ಪಂಕ್ತಿಯಲ್ಲಿ ಜಾಗ. ಬೆಳಗಿನ ಹೊತ್ತು ಟೀಯೋ ಕಾಫಿಯೋ ಎಂಬ ವಾದದಲ್ಲಿ ಕಾಫಿ ಗೆದ್ದು, ಅದೂ ಕೊಡಗಿನ ಕಾಫಿಯೇ ಆಗಬೇಕೆಂದು ತೀರ್ಮಾನವಾಯಿತಂತೆ. ನಮ್ಮ ಬೆಳೆಗಾರರ ದೆಸೆ ತಿರುಗಿದ್ದನ್ನು ತಾತ ವರ್ಣಿಸುವಾಗ ನಾನೂ ಎದುರಾಡುತ್ತಿರಲಿಲ್ಲ.

ಉಳಿದ ಹೊತ್ತೆಲ್ಲ ಎದುರಾಡುತ್ತಿದ್ದೆ. ಎಂ.ಎ. ಮಾಡಿದ ಹೊಸದು ನೋಡಿ, ಸುಮ್ಮನಿರಲು ಬಾಯಿ ಕೇಳುತ್ತಿರಲಿಲ್ಲ. "ತಾತ, ಹಾಗೆ ಆಗ್ಲಿಲ್ಲ" ಎಂದು ಒಪ್ಪಂದಗಳ ಹೆಸರು ಹೇಳಲು ಹೊರಟರೆ ಅವರು ಲೋಟ ಕೆಳಗಿಟ್ಟು ಹೇಳುತ್ತಿದ್ದರು: "ಆಗ್ಲಿಲ್ಲ ಅನ್ನೋದಕ್ಕೆ ನೀವಿದ್ದೀರಲ್ಲ. ಆಗ್ಬೇಕಿತ್ತು ಅನ್ನೋದಕ್ಕೂ ಒಬ್ಬ ಬೇಡ್ವಾ?"

ಅವರಿಗೆ ಯೂರೋಪಿನ ಮೇಲೆ ಯಾಕಿಷ್ಟು ಕಾಳಜಿ ಎಂಬುದು ನನಗೆ ತಡವಾಗಿ ಹೊಳೆಯಿತು. ಅವರ ಸ್ವಂತ ಒಕ್ಕವೇ ಎರಡು ಪಾಲಾಗಿತ್ತು. ಮೇಲುಮನೆಯ ಬೋಪಣ್ಣ, ಕೆಳಮನೆಯ ಮುತ್ತಪ್ಪ ಇಬ್ಬರೂ ತಾತನ ತಮ್ಮಂದಿರ ಮಕ್ಕಳು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಕೊಡಗಿನಲ್ಲಿ ಶುಭಕಾರ್ಯಕ್ಕೆ ಮನೆಯವರೇ ಹೊಸ್ತಿಲಿಗೆ ಹೋಗಿ ಕರೆಯಬೇಕು. ಮುತ್ತಪ್ಪ ತಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ, ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ, ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕಳಿಸಿ ಬೋಪಣ್ಣನಿಗೆ ಹೇಳಿಸಿಬಿಟ್ಟರು. ಅಷ್ಟೇ. ಅಂದಿನಿಂದ ಮಾತು ನಿಂತಿತು. ದಾರಿಯಲ್ಲಿ ಎದುರಾದರೆ ಒಬ್ಬರು ಆಕಾಶ ನೋಡಿದರೆ ಇನ್ನೊಬ್ಬರು ಕಾಫಿ ಗಿಡ ನೋಡುತ್ತಿದ್ದರು. ಕಾಫಿ ತೋಟ ಇಟ್ಟುಕೊಂಡೂ ಟೀ ಕುಡಿಯುವ ಬೋಪಣ್ಣನಿಗೆ ತಾತ ಇಂಗ್ಲೆಂಡ್ ಎಂದು ಹೆಸರಿಟ್ಟಿದ್ದರು. ಯಾರ ಮನೆ ಊಟದಲ್ಲೂ ಉಪ್ಪು ಹುಳಿಯ ಕೊರತೆ ಹುಡುಕುವ ಮುತ್ತಪ್ಪ ಫ್ರಾನ್ಸ್.

ಇದರಿಂದಾದ ದೊಡ್ಡ ನಷ್ಟವೆಂದರೆ ಹಾಕಿ. ಬೇಸಿಗೆಯಲ್ಲಿ ಒಕ್ಕ ಒಕ್ಕಗಳ ನಡುವೆ ನಡೆಯುವ ಪಂದ್ಯಾವಳಿಯಲ್ಲಿ ಒಂದು ಹೆಸರಿಗೆ ಒಂದೇ ತಂಡ. ಎರಡು ಮನೆಯವರೂ ಹಟಕ್ಕೆ ಬಿದ್ದು ಬೇರೆ ಬೇರೆ ತಂಡದ ಹೆಸರು ಕೊಟ್ಟರು, ಎರಡೂ ತಿರಸ್ಕಾರವಾದವು. ಹಾಗೆ ನೋಡಿದರೆ ಯಾವ ಮನೆಯಲ್ಲೂ ಹನ್ನೊಂದು ಮಂದಿ ಇರಲೂ ಇಲ್ಲ. ಅವರಿಗಿಂತ ಚಿಕ್ಕ ಚಿಕ್ಕ ಒಕ್ಕಗಳೆಲ್ಲ ಆಡುತ್ತಿದ್ದರೆ, ತಾತ ಮೈದಾನದ ಅಂಚಿನಲ್ಲಿ ಕೂತು ಬೇರೆಯವರ ಹೆಸರಿಗೆ ಚಪ್ಪಾಳೆ ತಟ್ಟಿ ಬರುತ್ತಿದ್ದರು.

"ಸಾಯೋದ್ರೊಳಗೆ ಆ ಮೈಕಲ್ಲಿ ನಮ್ಮ ಹೆಸರು ಒಂದ್ಸಲ ಕೇಳ್ಬೇಕು ಮಾಷ್ಟ್ರೇ" ಎಂದು ಒಂದು ಸಂಜೆ ಹೇಳಿದರು. ಆ ದಿನ ಜಗಲಿಗೆ ಯೂರೋಪ್ ಬರಲಿಲ್ಲ. ನನಗೆ ಅಳು ಬಂದಂತಾಯಿತು, ಕಾಫಿ ಬಿಸಿ ಎಂದು ನೆಪ ಹೇಳಿದೆ.

ಮರುದಿನ ಭಾನುವಾರ. ತಾತ ಮೊಣಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡು, ಹಳೆಯ ಕೋಟು ಹಾಕಿ, ಊರುಗೋಲು ಹಿಡಿದು ನನ್ನ ಬಾಗಿಲಿಗೆ ಬಂದರು. "ನಡೀರಿ, ಕರೆಯೋಕೆ ಹೋಗೋಣ." ಜೀಪು ತರುತ್ತೇನೆಂದರೆ ಕೇಳಲಿಲ್ಲ. ಮೇಲುಮನೆಗೆ ತೋಟದೊಳಗೆ ಕಡಿದಾದ ಏರು. ಎಂಬತ್ತು ದಾಟಿದ ಜೀವ, ಕೂತು ಕೂತು ಹತ್ತಿತು. ಹಿಂದಿನಿಂದ ಏದುಸಿರು ಬಿಡುತ್ತಿದ್ದವನು ನಾನು.

ಬೋಪಣ್ಣ ಗಾಬರಿಯಿಂದ ಹೊರಗೆ ಬಂದರು. ಅವರ ಮನೆಮಾತಾದ ಕೊಡವ ಭಾಷೆ ನನಗೆ ಅರೆಬರೆ ಅರ್ಥವಾಗುತ್ತದೆಂದು ತಾತ ಕನ್ನಡದಲ್ಲೇ ಶುರು ಮಾಡಿದರು. ಅಂಗಳ ಬಿಟ್ಟು ಮೇಲೆ ಹತ್ತಲಿಲ್ಲ.

"ಒಳಗೆ ಬನ್ನಿ ದೊಡ್ಡಪ್ಪ, ಎಂತ ಇದು, ಈ ಕಾಲಿಟ್ಕೊಂಡು!"

"ಕರೆಯೋಕೆ ಬಂದಿದ್ದೇನೆ. ನಮ್ಮ ಒಕ್ಕದ ಟೀಮಲ್ಲಿ ನೀನು ಆಡ್ಬೇಕು."

"ಅವನಿರೋ ಟೀಮಲ್ಲಾ?"

"ಅವನ ಸುದ್ದಿ ಬೇಡ. ನಾನು ಬಂದಿದ್ದೇನೆ ನೋಡು. ರೈಟರನ್ನ ಕಳಿಸ್ಲಿಲ್ಲ."

ಬೋಪಣ್ಣ ತಾತನ ಮೊಣಕಾಲು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಆಕಾಶ ನೋಡಿದರು. ಹೊಸ್ತಿಲಿಗೆ ಬಂದ ಹಿರಿಯನಿಗೆ ಇಲ್ಲ ಎನ್ನುವುದು ಆ ನಾಡಿನಲ್ಲಿ ಆಗುವ ಮಾತಲ್ಲ. "ಆಡ್ತೇನೆ. ಕ್ಯಾಪ್ಟನ್ ನಾನೇ ಆಗ್ಬೇಕು" ಎಂದರು. ಕೆಳಮನೆಗೆ ಇಳಿದು ಬಂದರೆ ಮುತ್ತಪ್ಪನೂ ಅದೇ ರಾಗ ಹಾಡಿದರು. ಮುಗಿಯಿತು ಕತೆ ಎಂದುಕೊಂಡೆ. ತಾತ ಮಾತ್ರ ಹಿಗ್ಗಿ ಹೀರೇಕಾಯಿಯಾಗಿದ್ದರು.

"ಲಕ್ಸೆಂಬರ್ಗ್ ಉಂಟಲ್ಲ ಮಾಷ್ಟ್ರೇ!"

ಲಕ್ಸೆಂಬರ್ಗ್ ಎಂದರೆ ದೇಚಮ್ಮ, ಹುದಿಕೇರಿಗೆ ಮದುವೆಯಾಗಿ ಹೋಗಿದ್ದ ತಾತನ ಮಗಳು, ಅಲ್ಲಿ ಶಾಲೆಯೊಂದರಲ್ಲಿ ಪಿ.ಟಿ. ಟೀಚರು. ಮದುವೆಯಾದ ಹೆಣ್ಣುಮಕ್ಕಳೂ ತವರಿನ ಹೆಸರಿನಲ್ಲಿ ಆಡಬಹುದಿತ್ತು. ಅವರಿಗೆ ಎರಡೂ ಮನೆಯ ಮೇಲೆ ಸಮನಾದ ಸಿಟ್ಟು. ಗೋಲ್‌ಕೀಪರೂ ಅವರೇ, ಕ್ಯಾಪ್ಟನ್ನೂ ಅವರೇ.

ಮೈಕಿನಲ್ಲಿ ಒಕ್ಕದ ಹೆಸರು ಕೂಗಿದಾಗ ತಾತ ನನ್ನ ತೋಳು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಬೆರಳಿನ ಗುರುತು ಮನೆಗೆ ಹೋದರೂ ಇತ್ತು. ಆದರೆ ಆಟ ಶುರುವಾದ ಮೇಲೆ ನಾಚಿಕೆಗೇಡು. ಬೋಪಣ್ಣ ಚೆಂಡು ಹಿಡಿದರೆ ಮುತ್ತಪ್ಪನತ್ತ ತಿರುಗುವುದಿಲ್ಲ, ಮುತ್ತಪ್ಪ ಎಂಥ ಒಳ್ಳೆ ಜಾಗದಲ್ಲಿದ್ದರೂ ಬಾಯಿ ಬಿಡುವುದಿಲ್ಲ. ಎದುರಿನವರು ಒಂದು ಗೋಲು ಹೊಡೆದರು. ನಮ್ಮವರೂ ಹೇಗೋ ಒಂದು ಹೊಡೆದು ಸಮ ಮಾಡಿದರು. ದೇಚಮ್ಮ ಗೋಲಿನಿಂದಲೇ ಇಬ್ಬರನ್ನೂ ಹಿಗ್ಗಾಮುಗ್ಗಾ ಬೈಯುತ್ತಿದ್ದರು.

ಕೊನೆಯ ಗಳಿಗೆಯಲ್ಲಿ ಬೋಪಣ್ಣ ಚೆಂಡು ಹಿಡಿದು ಓಡಿದರು. ಮೂವರು ಸುತ್ತುಗಟ್ಟಿದರು. ಬಲಗಡೆ ಮುತ್ತಪ್ಪ ಒಬ್ಬರೇ, ಮುಂದೆ ಬರೀ ಬಯಲು. ತಾತ ಊರುಗೋಲು ಊರಿ ಎದ್ದು ನಿಂತರು.

"ಬೋಪಣ್ಣಾ! ಇಲ್ಲಿ ಕೊಡಾ!"

ಮೈದಾನವೆಲ್ಲ ಕೇಳುವಂತೆ ಮುತ್ತಪ್ಪ ಕೂಗಿದ್ದರು. ಬೋಪಣ್ಣ ತಿರುಗಿ ನೋಡಲೂ ಇಲ್ಲ, ಸದ್ದು ಬಂದ ಕಡೆಗೆ ಚೆಂಡು ತಳ್ಳಿದರು. ಮುತ್ತಪ್ಪ ಒಂದೇ ಏಟು ಕೊಟ್ಟರು. ಗೋಲಿನ ಹಲಗೆಯ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಇಬ್ಬರೂ ಅಪ್ಪಿಕೊಂಡು ನೆಲಕ್ಕೆ ಬಿದ್ದರು, ಅವರ ಮೇಲೆ ಉಳಿದವರು. ಎಂ.ಎ. ಮಾಡಿದ ನಾನು ಕುರ್ಚಿಯ ಮೇಲೆ ಹತ್ತಿ ಕುಣಿದು, ಕುರ್ಚಿ ಮುರಿದು ಬಿದ್ದೆ. ತಾತ ನನ್ನನ್ನು ಎಬ್ಬಿಸಲಿಲ್ಲ. ಕಣ್ಣೀರು ಒರೆಸಿಕೊಳ್ಳುತ್ತ ಮೇಲಿನಿಂದ ಹೇಳಿದರು:

"ಮಾಷ್ಟ್ರೇ, ಬರ್ಕೊಳ್ಳಿ. ಫ್ರಾನ್ಸ್ ಮಾತಾಡ್ತು."

ಮುಂದಿನ ಪಂದ್ಯದಲ್ಲಿ ಹೀನಾಯವಾಗಿ ಸೋತರು, ಅದನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಆ ವರ್ಷ ಹುತ್ತರಿ ಸುಗ್ಗಿ ಹಬ್ಬಕ್ಕೆ ಎರಡೂ ಮನೆಯವರು ಹಿರೀಮನೆಯಲ್ಲಿ ಒಟ್ಟಿಗೆ ಉಂಡರು, ಮುತ್ತಪ್ಪ ಪಾಯಸಕ್ಕೆ ಬೆಲ್ಲ ಕಡಿಮೆ ಎಂದರು. ತಾತ ಮುಂದೆಯೂ ಕೆಲವು ಬೇಸಿಗೆ ಆ ಹೆಸರನ್ನು ಮೈಕಿನಲ್ಲಿ ಕೇಳಿ, ತೃಪ್ತಿಯಿಂದ ಹೋದರು.

ಇವತ್ತು ಆ ಒಕ್ಕದ ಪಂದ್ಯವಿತ್ತು, ಹೋಗಿದ್ದೆ. ಬೋಪಣ್ಣ, ಮುತ್ತಪ್ಪ ಇಬ್ಬರೂ ಹಣ್ಣಾಗಿ ಒಂದೇ ಬೆಂಚಿನಲ್ಲಿ ಕೂತು ಅಂಪೈರನ್ನು ಒಟ್ಟಿಗೆ ಬೈಯುತ್ತಿದ್ದರು. ಹೆಸರು ಕೂಗಿದಾಗ ಒಕ್ಕದವರೆಲ್ಲ ಎದ್ದು ನಿಂತರು. ನಾನೂ ಎದ್ದೆ. ಪಕ್ಕದಲ್ಲಿದ್ದ, ಆ ಮನೆಗೆ ಹೊಸದಾಗಿ ಬಂದ ಸೊಸೆ ನನ್ನ ಮುಖ ನೋಡಿ, ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದಳು.

"ನೀವು ಈ ಒಕ್ಕದವರಾ ಸಾರ್?"

"ಅಲ್ಲಮ್ಮಾ" ಎಂದೆ, ಎದೆಯುಬ್ಬಿಸಿ, "ನಾನು ಮಿತ್ರರಾಷ್ಟ್ರ."